ಭೋಗ್ಯಕ್ಕೆ ನಾಲ್ಕು ಕಾರಣ

ಜಕಾರ್ತದ ಕಂಪನಿಯವರು ತಮ್ಮ ಹೊಸ ಥೀಮ್ ಪಾರ್ಕಿಗೆ ಮೂರು ಜಾಗ ನೋಡಿದ್ದರಂತೆ. ಒಂದು ಕಡಲ ದಂಡೆಯಲ್ಲಿ. ಭೂಮಿ ನಡುಗಿದರೆ ಸಮುದ್ರ ಎದ್ದು ಬರುತ್ತದೆ ಎಂದು ಅದನ್ನು ಬಿಟ್ಟರು. ಇನ್ನೊಂದು ಸರೋವರದ ಪಕ್ಕ. ಅಲ್ಲಿಗೆ ಇಳಿಯುವ ಘಟ್ಟದ ತಿರುವುಗಳಲ್ಲಿ ಪೇಟೆಯ ಮಕ್ಕಳು ವಾಂತಿ ಮಾಡಿಕೊಂಡೇ ಬಂದಿಳಿಯುತ್ತವೆ ಎಂದು ಅದನ್ನೂ ಬಿಟ್ಟರು. ಮೂರನೆಯದು ನಮ್ಮ ಗದ್ದೆ ಬಯಲು. ಇಲ್ಲಿ ಕಾರಿನಿಂದ ಇಳಿದವರು ಬದುವಿನ ಮೇಲೆ ನಿಂತು, ಸಿಂಗಾಲಾಂಗ್ ಬೆಟ್ಟದ ಕಡೆ ಒಮ್ಮೆ ನೋಡಿ, ಸಿಕ್ಕಿಬಿಟ್ಟಿತು ಎಂದು ಒಬ್ಬರ ಕೈ ಒಬ್ಬರು ಕುಲುಕಿದರು.

ಇದಕ್ಕಿಂತ ಒಳ್ಳೆಯ ಜಾಗ ಇಡೀ ಸುಮಾತ್ರಾದಲ್ಲಿ ಇಲ್ಲವಂತೆ. ಅದನ್ನು ಹೇಳಲು ಜಕಾರ್ತದಿಂದ ವಿಮಾನ ಹತ್ತಿ ಬರಬೇಕಿತ್ತೆ? ನಮಗೆ ಗೊತ್ತಿರಲಿಲ್ಲವೆ? ನೆಲ ಸಮತಟ್ಟಾಗಿದೆಯಂತೆ. ಅದು ತನ್ನಷ್ಟಕ್ಕೆ ಸಮವಾದದ್ದಲ್ಲ, ನನ್ನ ಅಜ್ಜಿಯ ಅಜ್ಜಿಯರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಮ ಮಾಡಿದ್ದು. ವರ್ಷವಿಡೀ ನೀರಿದೆಯಂತೆ. ಆ ಕಾಲುವೆಯ ಹೂಳನ್ನು ವರ್ಷ ವರ್ಷ ಎತ್ತುವವರು ನಾವು. ಬೆಟ್ಟ ಚೆಂದ ಕಾಣುತ್ತದಂತೆ. ಸರಿ, ಬೆಟ್ಟ ದೇವರದು, ಹೆದ್ದಾರಿ ಸರ್ಕಾರದ್ದು. ಉಳಿದದ್ದೆಲ್ಲ ನಾವು ಮಾಡಿಟ್ಟ ಅಡುಗೆ, ಇವರು ಬಂದು ಎಲೆ ಹಾಕಿಕೊಂಡು ಕೂತರು.

ಆದರೆ ಮೊದಲ ದಿನವೇ ಅವರೊಂದು ತಪ್ಪು ಮಾಡಿದರು. ಅವರ ಪೈಕಿ ಹಿರಿಯನ ಹೆಸರು ಪಾಕ್ ಹರ್ಯಾದಿ. ಜಾವಾದ ಕಡೆಯವರು, ನಯವಾದ ಮಾತು, ಕೆಸರು ತಾಗದಂತೆ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡಿದ್ದರು. ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿದ್ದ ನನ್ನ ಅಪ್ಪನನ್ನು ಕಂಡು ಅವರು, "ಯಜಮಾನ್ರೇ, ಈ ಗದ್ದೆ ನಿಮ್ಮದಾ?" ಎಂದು ಕೇಳಿದರು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ನನ್ನದಾ? ನಾನು ಈ ಮನೆ ಅಳಿಯ ಸ್ವಾಮಿ. ಇಲ್ಲಿ ಒಂದು ಬಾಳೆ ಎಲೆ ಕೊಯ್ಬೇಕಾದ್ರೂ ಹೆಂಡತೀನ ಕೇಳ್ಬೇಕು."

"ಹಾಗಾದ್ರೆ ಯಾರ ಹತ್ರ ಮಾತಾಡೋದು?"

"ಹೆಂಗಸರ ಹತ್ರ."

ಪಾಕ್ ಹರ್ಯಾದಿ ಅದನ್ನು ತಮಾಷೆ ಎಂದುಕೊಂಡರು. ಅಪ್ಪನ ಬೆನ್ನು ತಟ್ಟಿ, ಗಟ್ಟಿಯಾಗಿ ನಕ್ಕು, ಮಾತಾಡಲು ಬೇರೊಬ್ಬ ಗಂಡಸನ್ನು ಹುಡುಕಿಕೊಂಡು ಹೋದರು. ಸಿಕ್ಕವನು ನನ್ನ ಸೋದರಮಾವ, ದಾತುಕ್ ರಾಜೊ ಲೇಲೊ.

ನಮ್ಮಲ್ಲಿ ಮನೆ, ಗದ್ದೆ, ಮೀನಿನ ಹೊಂಡ ಎಲ್ಲ ತಾಯಿಯಿಂದ ಮಗಳಿಗೆ. ಮಾವ ಅದನ್ನು ಕಾಯುವವನು. ಕುಲದ ಪರವಾಗಿ ಊರ ಮುಂದೆ ಮಾತಾಡುವವನು. ಅದಕ್ಕೆಂದೇ ಅವನಿಗೆ ದಾತುಕ್ ಎಂಬ ಪಟ್ಟ ಕಟ್ಟುತ್ತೇವೆ, ಕಟ್ಟಿದ ಮೇಲೆ ಹೆತ್ತ ತಾಯಿಯೂ ಅವನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಅಷ್ಟು ಮರ್ಯಾದೆ. ಆದರೆ ಬೀಗದ ಕೈ ಹಿಡಿದವನಿಗೆ ಕಣಜ ತನ್ನದೇ ಅನ್ನಿಸಲು ಎಷ್ಟು ಹೊತ್ತು ಬೇಕು?

ಒಂದು ವಾರದಲ್ಲಿ ಮಾವ ಪಾಕ್ ಹರ್ಯಾದಿಯನ್ನು ಮನೆಗೇ ಕರೆತಂದ. ಕೋಣದ ಕೊಂಬಿನಂತೆ ಎರಡೂ ತುದಿ ಮೇಲೆದ್ದ ಮಾಡಿನ ನಮ್ಮ ದೊಡ್ಡ ಮನೆಯನ್ನು ಅವರು ಹೊರಗಿನಿಂದ, ಒಳಗಿನಿಂದ ಫೋಟೋ ಹೊಡೆದುಕೊಂಡರು. ಚಾಪೆಯ ಮೇಲೆ ನಕ್ಷೆ ಹಾಸಿದರು. ನಾನು ಕಾಫಿ ಎಲೆಯ ಕಷಾಯವನ್ನು ಕರಟದಲ್ಲಿ ತಂದಿಟ್ಟು ಅಲ್ಲೇ ಕೂತೆ. ಯಾರೂ ಕೂತುಕೋ ಅನ್ನಲಿಲ್ಲ, ಏಳು ಅಂತಲೂ ಅನ್ನಲಿಲ್ಲ.

"ಇಲ್ಲಿ ಜಾರುಬಂಡೆ, ನೀರಿನದು," ಎಂದರು ಪಾಕ್ ಹರ್ಯಾದಿ. "ಇಲ್ಲಿ ಕೋಣದ ರೈಲು. ಇಲ್ಲಿ ಆಕಾಶ ಮುಟ್ಟೋ ಚಕ್ರ. ಮುಂದೆ ಹೆಬ್ಬಾಗಿಲು. ಅದು ನಿಮ್ಮ ದೊಡ್ಡ ಮನೆ ತರಹಾನೇ ಇರುತ್ತೆ ಬು ಅಸ್ನಿಮಾರ್, ಫೈಬರಲ್ಲಿ, ಇದರ ಹತ್ತರಷ್ಟು ಎತ್ತರ," ಎಂದು ನನ್ನ ಕಡೆ ತಿರುಗಿದರು. ಬು ಅಂದರೆ ಅಮ್ಮಾವ್ರೇ ಅಂದ ಹಾಗೆ.

"ನಮ್ಮ ಮನೇನೇ ಇಲ್ಲಿದೆಯಲ್ಲ," ಎಂದೆ.

"ಇದು ಚಿಕ್ಕದು ಬು. ಫೋಟೋಗೆ ಎದ್ದು ಕಾಣಲ್ಲ."

ನಾನು ಕರಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಮಾವ ಗಂಟಲು ಸರಿಮಾಡಿಕೊಂಡ. ಹೆಬ್ಬಾಗಿಲ ಎಡಗಡೆ ದಾತುಕ್ ಅವರದೇ ಆಳೆತ್ತರದ ಪ್ರತಿಮೆ ನಿಲ್ಲುತ್ತದಂತೆ, ಬಂದವರಿಗೆಲ್ಲ ಕೈ ಮುಗಿಯುವ ಭಂಗಿಯಲ್ಲಿ. ಅದನ್ನು ಹೇಳುವಾಗ ಮಾವನ ಮೀಸೆಯ ತುದಿ ಅದುರುತ್ತಿತ್ತು. ಈ ಮನುಷ್ಯನಿಗೆ ಹಣದ ಆಸೆ ಇಲ್ಲ, ಅದನ್ನು ನಾನೇ ಒಪ್ಪುತ್ತೇನೆ. ಹೆಸರಿನ ಆಸೆ. ಅದು ಹಣದ ಆಸೆಗಿಂತ ಕೆಟ್ಟದ್ದು, ಹೊಟ್ಟೆ ತುಂಬಿತು ಅನ್ನುವುದೇ ಇಲ್ಲ.

"ಕೊಡೋಕೆ ಬರಲ್ಲ ಮಾವ," ಎಂದೆ. "ಮಾರೋ ಹಾಗಿಲ್ಲ. ಅದು ನಿಮಗೂ ಗೊತ್ತು."

"ಮಾರು ಅಂದೋರು ಯಾರು? ಭೋಗ್ಯ. ವರ್ಷದ ಮೇಲೆ ವರ್ಷ, ಬಿಡಿಸಿಕೊಳ್ಳೋವರೆಗೂ ಅವರ ಕೈಲಿರುತ್ತೆ."

"ಭೋಗ್ಯಕ್ಕೂ ಕಾರಣ ಬೇಕು."

"ನಾಲ್ಕಿದಾವಲ್ಲ," ಎಂದ ಮಾವ, ಪಾಕ್ ಹರ್ಯಾದಿಯ ಕಡೆ ತಿರುಗಿ ಬೆರಳು ಮಡಚುತ್ತ. "ಕುಲದ ಗದ್ದೆ ಭೋಗ್ಯಕ್ಕೆ ಹಾಕಬೇಕಾದ್ರೆ ನಾಲ್ಕೇ ಕಾರಣ ನಮ್ಮಲ್ಲಿ. ಮನೇಲಿ ಹೆಣ ಬಿದ್ದು ಮಣ್ಣು ಮಾಡೋಕೆ ಗತಿ ಇಲ್ಲದಿದ್ರೆ. ದೊಡ್ಡ ಮನೆ ಮಾಡು ಸೋರ್ತಾ ಇದ್ರೆ. ಬೆಳೆದು ನಿಂತ ಹೆಣ್ಣಿಗೆ ಗಂಡ ಇಲ್ಲದಿದ್ರೆ. ದಾತುಕ್ ಪಟ್ಟ ಖಾಲಿ ಬಿದ್ದಿದ್ರೆ. ಇವುಗಳಲ್ಲಿ ಒಂದು ಇದ್ದರೆ ಸಾಕು, ಕುಲ ಸಭೆ ಸೇರಬಹುದು." ಅವನು ತಲೆ ಎತ್ತಿ ಮಾಡಿನ ಕಡೆ ನೋಡಿದ. "ಮಾಡು ಸೋರ್ತಾ ಇದೆ."

ಸೋರುತ್ತಿದ್ದದ್ದು ನಿಜ. ನಾನು ಲಂಗ ಹಾಕುವ ಕಾಲದಿಂದ ಸೋರುತ್ತಿದೆ. ಮಳೆ ಬಂದರೆ ನಾವು ಬಕೆಟ್ ಇಡುತ್ತೇವೆ, ನಿಂತರೆ ತೆಗೆಯುತ್ತೇವೆ. ಅಮ್ಮ ಎಷ್ಟು ಸಲ ಅಂಗಲಾಚಿದ್ದಳು, ಅಣ್ಣಾ ಒಂದು ತಗಡು ಹೊದಿಸು ಎಂದು. ಅಷ್ಟೂ ವರ್ಷ ಕಾಣದ ತೂತು ಇವತ್ತು ಜಕಾರ್ತದವರ ಕನ್ನಡಕದಲ್ಲಿ ಕಂಡಿತು. ಸಭೆಗೆ ಮುಂದಿನ ತಿಂಗಳ ಮೊದಲ ಭಾನುವಾರ ಗೊತ್ತಾಯಿತು.

ಅಮ್ಮ ಅಣ್ಣನ ಎದುರು ಬಾಯಿ ಬಿಡುವವಳಲ್ಲ. "ಮಾವ ಹೇಳಿದ ಮೇಲೆ ಮುಗೀತು ಕಣೆ," ಎಂದು ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಅಜ್ಜಿ ಸಾರಿಬಾನುನ್ ಮಾತ್ರ ಕಿಟಕಿಯ ಹತ್ತಿರ ಕೂತು ಎಲೆ ಅಡಿಕೆ ಕುಟ್ಟುತ್ತ, "ಮುಗಿದಿದ್ದು ಅವನ ಬುದ್ಧಿ," ಎಂದಳು. ಆಕೆ ಅಮ್ಮನ ತಾಯಿ, ಮಾವನ ತಾಯಿಯೂ ಹೌದು. ಹಲ್ಲಿಲ್ಲ, ನಡೆಯಲು ಆಗದು. ನಾಲಿಗೆ ಮಾತ್ರ ನೆಟ್ಟಗಿದೆ.

ಸೋರುವುದೇ ಕಾರಣವಾದರೆ ಸೋರಬಾರದು, ಅಷ್ಟೇ ತಾನೆ? ಮರುದಿನ ಬೆಳಿಗ್ಗೆ ಅಕ್ಕಿ ಗಿರಣಿಯ ಜಾಮರಿಸ್‌ನನ್ನು ಕೇಳಿದೆ. ಅವನು ಪಕ್ಕದ ಊರಿನವನು, ಬೇರೆ ಕುಲ, ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಗಿರಣಿಯ ಮಾಡು ಬದಲಾಯಿಸಿದಾಗ ಬಿಚ್ಚಿದ ಒಳ್ಳೆಯ ತಗಡುಗಳು ಅವನ ಹಿತ್ತಲಲ್ಲಿದ್ದವು. ತಗಡು, ಉದ್ದದ ಏಣಿ, ಕೊನೆಗೆ ತನ್ನನ್ನೂ ಹೊತ್ತುಕೊಂಡು ಬಂದ. ನಾನು, ಚಿಕ್ಕಮ್ಮನ ಹೆಣ್ಣುಮಕ್ಕಳು, ಎಲ್ಲರೂ ಲುಂಗಿ ಬಿಗಿದು ಮಾಡು ಹತ್ತಿದೆವು. ಕೆಳಗೆ ಊರಿಗೆ ಊರೇ ನೆರೆದಿತ್ತು. ಹೆಂಗಸರು ಮಾಡು ಹತ್ತಿದರೆ ಬೆಟ್ಟ ಬೆಂಕಿ ಕಾರುತ್ತದೆ ಎಂದ ಮಸೀದಿಯ ಮುದುಕ. ಕಾರಲಿ ಬಿಡಿ ಅಜ್ಜ, ತೇವ ಬೇಗ ಆರುತ್ತೆ ಎಂದೆ.

ಕೊಂಬಿನ ತುದಿಯ ಹತ್ತಿರ ಕಾಲಿಡಲೂ ಜಾಗವಿಲ್ಲ. ಜಾಮರಿಸ್ ಕೆಳಗಿನಿಂದ ನನ್ನ ಹಿಮ್ಮಡಿ ಹಿಡಿದಿದ್ದ.

"ಅಸ್ನಿ, ಜಾರಿ ಬಿದ್ದೀಯಾ."

"ಬಿದ್ರೆ ಮಾವನಿಗೆ ಹೆಣದ ಕಾರಣ ಸಿಗುತ್ತೆ. ಅದಕ್ಕೇ ಬೀಳಲ್ಲ, ಸುತ್ತಿಗೆ ಕೊಡು."

ಅವನು ನಕ್ಕ. ಅವನ ನಗು ನನಗೆ ಮೊದಲಿಂದಲೂ ಇಷ್ಟ. ಅದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ.

ಮೂರು ದಿನ ಬಿಟ್ಟು ಜೋರು ಮಳೆ ಬಂತು. ಮಾವ ಛತ್ರಿ ಹಿಡಿದು ನೋಡಲು ಬಂದ, ಜೊತೆಗೆ ಹಣ್ಣಿನ ಬುಟ್ಟಿ ಹಿಡಿದ ಪಾಕ್ ಹರ್ಯಾದಿ. ಒಳಗೆ ಒಂದು ಹನಿ ಇಲ್ಲ. ಮಾವ ಕತ್ತೆತ್ತಿ ಮೂಲೆ ಮೂಲೆ ಹುಡುಕಿದ. ಪಾಕ್ ಹರ್ಯಾದಿ ಬುಟ್ಟಿಯನ್ನು ಅಜ್ಜಿಯ ಮುಂದಿಟ್ಟು, "ಆರೋಗ್ಯ ಹೇಗಿದೆ ಅಜ್ಜಿ?" ಎಂದು ಕೇಳಿದರು. ಪಾಪ, ಮರ್ಯಾದೆಗೇ ಕೇಳಿದ್ದಿರಬೇಕು.

"ಯಾಕೆ ಕೇಳ್ತಿದೀಯ ಅಂತ ಗೊತ್ತು ಮಗಾ," ಎಂದಳು ಅಜ್ಜಿ. "ನೀನು ಬೇರೆ ಜಾಗ ಹುಡುಕಿಕೊಳ್ಳೋವರೆಗೂ ನಾನು ಸಾಯಲ್ಲ. ಕಿತ್ತಳೆ ಸುಲಿದು ಕೊಡು."

ಅವರು ಮುಖ ಕೆಂಪಾಗಿ ಕಿತ್ತಳೆ ಸುಲಿಯತೊಡಗಿದರು. ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಆಗ ಮಾವ ನನ್ನ ಕಡೆ ತಿರುಗಿದ.

"ನಗು ನಗು. ಇನ್ನೊಂದು ಕಾರಣ ಈ ಮನೇಲೇ ಕೂತಿದೆ. ತಗಡು ಹೊದಿಸಿ ಮುಚ್ಚೋಕಾಗಲ್ಲ ಅದನ್ನ." ಪಾಕ್ ಹರ್ಯಾದಿಗೆ ನನ್ನನ್ನು ಬೆರಳು ಮಾಡಿ ತೋರಿಸಿದ. "ನಲವತ್ತು ಹತ್ರ ಬಂತು ಇವಳಿಗೆ. ನಾನು ತಂದ ಗಂಡುಗಳನ್ನೆಲ್ಲ ಒದ್ದು ಓಡಿಸಿದಳು. ಬೆಳೆದು ನಿಂತ ಹೆಣ್ಣು, ಗಂಡ ಇಲ್ಲ. ಊರೇ ಸಾಕ್ಷಿ. ಬರ್ಕೊಳ್ಳಿ."

ಪಾಕ್ ಹರ್ಯಾದಿ ನಿಜವಾಗಿಯೂ ಬರೆದುಕೊಂಡರು.

ಅಪ್ಪ ಬಾಗಿಲ ಹತ್ತಿರ ಕೂತು ಬುಟ್ಟಿ ಹೆಣೆಯುತ್ತಿದ್ದ. ಮೊದಲ ಸಲ ಅವನ ಕೈ ನಿಂತಿತು. "ದಾತುಕ್, ಮಗಳನ್ನ ಹೊರಗಿನವರ ಮುಂದೆ ಹಾಗನ್ನಬೇಡಿ," ಎಂದ.

"ಯಾರು ಮಾತಾಡಿದ್ದು?" ಎಂದ ಮಾವ, ಸುತ್ತ ನೋಡುತ್ತ. "ಅಳಿಯ ಅಂದ್ರೆ ಕೊರಡಿನ ಮೇಲಿನ ಬೂದಿ. ಊದಿದ್ರೆ ಹಾರುತ್ತೆ. ಬೂದಿಗೆ ಯಾವಾಗ ಬಾಯಿ ಬಂತು?"

ಅಪ್ಪ ಮತ್ತೆ ಬುಟ್ಟಿಗೆ ತಲೆ ಬಗ್ಗಿಸಿದ. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಅಂದಿದ್ದಕ್ಕಿಂತ ಹೆಚ್ಚಾಗಿ ಅಪ್ಪನನ್ನು ಅಂದಿದ್ದಕ್ಕೆ ಉರಿಯಿತು. ಗಂಡನಿಲ್ಲದ್ದು ನನ್ನ ಕೊರತೆಯಂತೆ, ಸೋರುವ ಮಾಡಿನ ಹಾಗೆ, ಮನೆಯಲ್ಲಿ ಬಿದ್ದ ಹೆಣದ ಹಾಗೆ! ಅಜ್ಜಿಯ ಅಜ್ಜಿಯರು ಸಮ ಮಾಡಿದ ಗದ್ದೆಯಲ್ಲಿ ಪ್ಲಾಸ್ಟಿಕ್ ಕೋಣ ಓಡುವುದಕ್ಕೆ ಕಾರಣ ನಾನು ಎಂದು ನಾಳೆ ಊರು ಹೇಳಬೇಕಂತೆ. ಅವತ್ತು ರಾತ್ರಿ ಅತ್ತೆ, ಮುಚ್ಚಿಡುವುದೇನು. ಬೆಳಿಗ್ಗೆ ಎದ್ದಾಗ ಅಳು ಮುಗಿದಿತ್ತು, ಉರಿ ಉಳಿದಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮನೆ ಆಯಿತು. ಇನ್ನು ಉಳಿದದ್ದು ಎರಡನೆಯದು. ನಮ್ಮಲ್ಲಿ ಕೇಳಬೇಕಾದವರು ಹೆಣ್ಣಿನ ಕಡೆಯವರು. ಕೇಳಲು ಮಾವ ಹೋಗಬೇಕು. ಮಾವ ಹೋಗುವುದಿಲ್ಲ, ಆದ್ದರಿಂದ ನಾನೇ ಭತ್ತದ ಮೂಟೆ ಸ್ಕೂಟರಿಗೆ ಹೇರಿಕೊಂಡು ಗಿರಣಿಗೆ ಹೋದೆ.

ಗಿರಣಿ ಓಡುತ್ತಿತ್ತು. ಬಾಗಿಲಲ್ಲಿ ಐದಾರು ಹೆಂಗಸರು ಮೂಟೆಯ ಮೇಲೆ ಕೂತು ಸರದಿ ಕಾಯುತ್ತಿದ್ದರು. ನಾನು ಜಾಮರಿಸ್‌ನ ಕಿವಿಯ ಹತ್ತಿರ ಹೋಗಿ ಕೂಗಿದೆ, "ನನ್ನ ಮದುವೆ ಆಗ್ತೀಯಾ?"

"ಆ?"

"ಮದುವೆ!"

ಅವನಿಗೆ ಕೇಳಿಸಲಿಲ್ಲ. ಹಿಡಿ ಎಳೆದು ಯಂತ್ರ ನಿಲ್ಲಿಸಿಬಿಟ್ಟ. ಅಷ್ಟರಲ್ಲಿ ನಾನು ಮೂರನೆಯ ಸಲ ಕಿರುಚಿಯಾಗಿತ್ತು, "ನನ್ನ ಮದುವೆ ಆಗ್ತೀಯೇನೋ ಅಂತ!" ಆ ನಿಶ್ಶಬ್ದದಲ್ಲಿ ಅದು ಮಸೀದಿಯವರೆಗೂ ಕೇಳಿರಬೇಕು. ಮೂಟೆಯ ಮೇಲಿದ್ದ ಹೆಂಗಸರು ತಲೆವಸ್ತ್ರದ ಚುಂಗು ಬಾಯಿಗಿಟ್ಟುಕೊಂಡರು.

ಜಾಮರಿಸ್ ತಲೆಯ ಮೇಲಿನ ತೌಡು ಕೊಡವಿಕೊಂಡ. ನನ್ನನ್ನು ಹೊರಗೆ ಹಿತ್ತಲಿಗೆ ಕರೆದುಕೊಂಡು ಹೋದ.

"ಗದ್ದೆ ಉಳಿಸೋಕೆ ನನ್ನನ್ನ ಕಟ್ಕೊಳ್ತೀಯಾ ಅಸ್ನಿ? ನಿಜ ಹೇಳು."

"ಈ ತಿಂಗಳೇ ಅನ್ನೋದಕ್ಕೆ ಗದ್ದೆ ಕಾರಣ," ಎಂದೆ. "ನೀನೇ ಬೇಕು ಅನ್ನೋದಕ್ಕೆ ಗದ್ದೆ ಕಾರಣ ಅಲ್ಲ. ಗದ್ದೆ ಉಳಿಸೋಕೆ ಗಂಡೇ ಬೇಕು ಅಂದಿದ್ರೆ ಮಾವ ತಂದೋರಲ್ಲಿ ಒಬ್ಬನ್ನ ಹಿಡ್ಕೊಳ್ತಿದ್ದೆ."

ಅವನು ತೋಳಿನ ಮೇಲಿನ ತೌಡನ್ನೂ ಕೊಡವಿಕೊಂಡ. ಆಮೇಲೆ, "ಮಾಡು ರಿಪೇರಿಗೆ ಕರೆದಾಗಲೇ ಕೇಳಿದ್ರೆ ಏಣಿ ಮೇಲೆ ಅಷ್ಟು ಹೊತ್ತು ಬರೀ ಹಿಮ್ಮಡಿ ಹಿಡ್ಕೊಂಡು ಕೂರ್ತಿರಲಿಲ್ಲ," ಎಂದ. ಆ ನಗುವನ್ನು ಮತ್ತೆ ನಕ್ಕ.

ಇನ್ನು ಊಟ, ಬಾಜಾ, ಕೋಣ ಕಡಿಯುವುದು. ಅದು ಯಾವುದೂ ಬೇಡ. ನಿಖಾ ಕಚೇರಿಗೆ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಹೋದರೆ ಬಿಡಿಗಾಸೂ ಖರ್ಚಿಲ್ಲ. ಅರ್ಜಿಗೆ ಮಾವನ ರುಜುವೂ ಬೇಕು ಎಂದು ನಮ್ಮೂರ ರೂಢಿ. ಪಂಚಾಯಿತಿ ಕಚೇರಿಯ ಗುಮಾಸ್ತೆ ನನ್ನ ಜೊತೆ ಓದಿದವಳು. "ರೂಢಿ ಅಷ್ಟೇ ಕಣೆ, ಕಾನೂನಲ್ಲ," ಎಂದು ಮೊಹರು ಒತ್ತಿಬಿಟ್ಟಳು. ಕಾನೂನಿಗೆ, ಧರ್ಮಕ್ಕೆ, ಎರಡಕ್ಕೂ ಬೇಕಾದವನು ಒಬ್ಬನೇ. ಹೆಣ್ಣನ್ನು ನಿಖಾ ಮಾಡಿಕೊಡುವ ಹಕ್ಕು ಮಾವನದಲ್ಲ, ತಂದೆಯದು.

ಅಪ್ಪನನ್ನು ಮೀನಿನ ಹೊಂಡದ ಹತ್ತಿರ ಹಿಡಿದೆ. ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ತೌಡನ್ನೆಲ್ಲ ಒಂದೇ ಸಲ ಹೊಂಡಕ್ಕೆ ಸುರಿದು ನೀರನ್ನೇ ನೋಡುತ್ತ ನಿಂತ.

"ಈ ಮನೇಲಿ ನನ್ನನ್ನ ಕೇಳಬೇಕಾದ ಮಾತು ಇದೊಂದೇ ಇತ್ತು," ಎಂದ. "ಅದನ್ನೂ ಯಾರೂ ಕೇಳಲ್ಲ ಅಂದ್ಕೊಂಡಿದ್ದೆ."

"ಮಾವ ಸುಮ್ಮನಿರಲ್ಲ ಅಪ್ಪಾ. ನಿನ್ನನ್ನ ಮನೆ ಬಿಡಿಸಿದ್ರೂ ಬಿಡಿಸ್ತಾನೆ."

"ಬಿಡಿಸಲಿ. ಬೂದಿ ಹಾರೋದು ಊದಿದೋನ ಕಣ್ಣಿಗೇ."

ಸಭೆಗೆ ಐದು ದಿನ ಮುಂಚೆ, ಮಂಗಳವಾರ ಬೆಳಿಗ್ಗೆ, ನಿಖಾ ಆಯಿತು. ಅಪ್ಪ ತನ್ನ ಹಳೆಯ ಕಪ್ಪು ಟೋಪಿ ಹಾಕಿಕೊಂಡು ಜಾಮರಿಸ್‌ನ ಕೈ ಹಿಡಿದು, ನಡುಗದ ಧ್ವನಿಯಲ್ಲಿ ನಿಖಾದ ಮಾತು ಹೇಳಿದ. ಹತ್ತು ಗಂಟೆಗೆ ಜಾಮರಿಸ್ ಗಿರಣಿಗೆ ಹೋದ, ನಾನು ಕಳೆ ಕೀಳಲು ಹೋದೆ. ಅಮ್ಮನಿಗೆ ಅವತ್ತೇ ಹೇಳಿದೆ. ಅವಳು ನನ್ನ ತೋಳಿಗೆ ಎರಡು ಬಾರಿಸಿ, ಆಮೇಲೆ ತಬ್ಬಿಕೊಂಡು ಅತ್ತಳು. ಮಾವನಿಗೆ ಮಾತ್ರ ಹೇಳಲಿಲ್ಲ, ಗಿರಣಿ ಬಾಗಿಲಲ್ಲಿದ್ದ ಹೆಂಗಸರೂ ಹೇಳಲಿಲ್ಲ.

ಭಾನುವಾರ ದೊಡ್ಡ ಮನೆ ತುಂಬಿತ್ತು. ಮಾವ ಕಪ್ಪು ಅಂಗಿ ತೊಟ್ಟು, ನೆರಿಗೆ ನೆರಿಗೆಯಾಗಿ ಮಡಚಿದ ದಾತುಕ್ ಪೇಟ ಇಟ್ಟು, ಸೊಂಟಕ್ಕೆ ಕಠಾರಿ ಸಿಕ್ಕಿಸಿ ನಡುಮನೆಯಲ್ಲಿ ಕೂತಿದ್ದ. ಪಕ್ಕದಲ್ಲಿ ನಕ್ಷೆಯ ಸುರುಳಿ ಹಿಡಿದ ಪಾಕ್ ಹರ್ಯಾದಿ. ಹೆಂಗಸರೆಲ್ಲ ಗೋಡೆಗೆ ಒರಗಿ ಕೂತೆವು. ಅಳಿಯಂದಿರು ನಮ್ಮಲ್ಲಿ ಇಂಥ ಸಭೆಗೆ ಬರುವುದಿಲ್ಲ, ಬಂದರೂ ಹೊರಗೆ. ಅಪ್ಪ, ಜಾಮರಿಸ್ ಇಬ್ಬರೂ ಮೆಟ್ಟಿಲ ಮೇಲಿದ್ದರು.

ಮಾವ ಚೆನ್ನಾಗಿ ಮಾತಾಡುತ್ತಾನೆ. ಅವತ್ತು ಇನ್ನೂ ಚೆನ್ನಾಗಿ ಮಾತಾಡಿದ.

"ನಮ್ಮ ಹುಡುಗರೆಲ್ಲಿ?" ಎಂದ. "ಇವಳ ತಮ್ಮಂದಿರು ಜಕಾರ್ತದ ಬೀದೀಲಿ ಬಟ್ಟೆ ಮಾರ್ತಾರೆ. ಈದ್‌ಗೆ ಬರ್ತಾರೆ, ಹೋಗ್ತಾರೆ. ಊರಲ್ಲಿ ಕೆಲಸ ಹುಟ್ಟಿದ್ರೆ ಅವರು ಮನೇಲಿ ಮಲಗ್ತಾರೆ. ಮೂರು ಜಾಗದಲ್ಲಿ ನಮ್ಮದೇ ಒಳ್ಳೇದು ಅಂತ ಕಂಪನಿಯವರೇ ಆರಿಸಿ ಬಂದಿದಾರೆ. ಬಂದ ಭಾಗ್ಯಾನ ಕಾಲಲ್ಲಿ ಒದೀಬೇಕಾ?"

ಅಮ್ಮ ತಲೆ ತಗ್ಗಿಸಿದಳು. ನನ್ನ ತಮ್ಮಂದಿರ ಮಾತು ಬಂದರೆ ಅವಳ ಕರುಳು ಕಿತ್ತು ಬರುತ್ತದೆ, ಮಾವನಿಗೆ ಅದು ಗೊತ್ತು. ನನ್ನ ಕರುಳಿಗೂ ಅದು ತಾಗದೆ ಇರಲಿಲ್ಲ. ಆದರೂ ಎದ್ದು ನಿಂತೆ.

"ಗದ್ದೆ ಇರೋದಕ್ಕೇ ಅವರು ಈದ್‌ಗೆ ಬರ್ತಾರೆ ಮಾವ. ಇಲ್ಲದಿದ್ರೆ ಎಲ್ಲಿಗೆ ಬರೋದು? ಟಿಕೆಟ್ ತಗೊಂಡು ನಿಮ್ಮ ಪ್ರತಿಮೆ ನೋಡೋಕಾ?"

ಯಾರೋ ಕಿಸಕ್ಕೆಂದರು. ಮಾವನ ಮುಖ ಕೆಂಡವಾಯಿತು.

"ಕಾರಣ ಇದೆ, ಸಭೆ ಸೇರಿದೆ. ಕಾರಣ ನೀನೇ. ಕೂತ್ಕೋ."

"ನಾನಲ್ಲ. ನನಗೆ ಗಂಡ ಇದಾನೆ," ಎಂದೆ. "ಮೆಟ್ಟಿಲ ಮೇಲೆ ಕೂತಿದಾನೆ. ಮಂಗಳವಾರ ನಿಖಾ ಆಯ್ತು. ಅಪ್ಪ ಮಾಡಿಕೊಟ್ಟ. ಕಾಸು ಖರ್ಚಾಗಿಲ್ಲ, ಭೋಗ್ಯಕ್ಕೆ ಹಾಕೋ ಅಷ್ಟು ಏನೂ ಇಲ್ಲ."

ಪಾಕ್ ಹರ್ಯಾದಿ ತಮ್ಮ ಪುಸ್ತಕ ತೆರೆದು ಏನನ್ನೋ ಹೊಡೆದುಹಾಕಿದರು. ಮಾವ ನಿಧಾನವಾಗಿ ಎದ್ದ.

"ಮಾವನಿಗೆ ಹೇಳದೆ ಮದುವೆ," ಎಂದ. ಧ್ವನಿ ನಡುಗುತ್ತಿತ್ತು. ಆ ನಡುಕದಲ್ಲಿ ಸಿಟ್ಟಿನ ಜೊತೆ ನೋವೂ ಇತ್ತು, ಅದು ನನಗೆ ಕೇಳಿಸಿತು. "ನಿನ್ನನ್ನ ಹೆಗಲ ಮೇಲೆ ಹೊತ್ತು ಆಡಿಸಿದೋನು ನಾನು. ನನ್ನ ಮೀರಿ ಮದುವೆ ಆದೋಳು ಕುಲದಿಂದ ಹೊರಗೆ. ಇವತ್ತಿಂದ ಅಸ್ನಿಮಾರ್ ಈ ಮನೆಯೋಳಲ್ಲ. ಹೊರಗಿನೋಳಿಗೆ ಗದ್ದೆ ಬಗ್ಗೆ ಮಾತಿಲ್ಲ."

ಇದನ್ನು ನಾನು ಎಣಿಸಿರಲಿಲ್ಲ. ಕುಲದಿಂದ ಹೊರಗೆ ಅಂದರೆ ನಮ್ಮಲ್ಲಿ ಸಾವಿಗಿಂತ ಕಡೆ. ಸತ್ತರೆ ಗೋರಿಗಾದರೂ ಜಾಗ ಸಿಗುತ್ತದೆ.

ಕಿಟಕಿಯ ಹತ್ತಿರ ಕುಟ್ಟಾಣಿಯ ಸದ್ದು ನಿಂತಿತು.

"ಬುಯುಂಗ್," ಎಂದಳು ಅಜ್ಜಿ.

ಅದು ಮಾವನನ್ನು ಮಗುವಾಗಿದ್ದಾಗ ಕರೆಯುತ್ತಿದ್ದ ಹೆಸರು. ದಾತುಕ್ ಆದವನನ್ನು ಸಭೆಯಲ್ಲಿ ಹಾಗೆ ಕರೆಯುವುದು ಕೆನ್ನೆಗೆ ಹೊಡೆದ ಹಾಗೆ.

"ಯಾರ ಮನೆಯಿಂದ ಯಾರನ್ನ ಹೊರಗೆ ಹಾಕ್ತೀಯ? ಮನೆ ನನ್ನದು. ಅವಳು ನನ್ನ ಮಗಳ ಮಗಳು. ನಿನ್ನ ತಲೆ ಮೇಲೆ ಆ ಪೇಟ ಇಡಿ ಅಂದೋರು ಈ ಗೋಡೆಗೆ ಒರಗಿರೋ ಹೆಂಗಸರು. ನಾವು ಒಪ್ಪದೆ ನೀನು ದಾತುಕ್ ಆಗಿದ್ಯಾ?"

"ಇಟ್ಟೋರು ತೆಗೀರಿ ಹಾಗಾದ್ರೆ!" ಎಂದು ಕಿರುಚಿದ ಮಾವ. ಅವನ ಕಣ್ಣು ಸಣ್ಣಗಾಗುವುದನ್ನು ನೋಡಿದೆ. ಏನೋ ಹೊಳೆದಿತ್ತು.

ಎರಡೂ ಕೈಯಲ್ಲಿ ಪೇಟ ಎತ್ತಿ ತೆಗೆದು ಚಾಪೆಯ ಮೇಲಿಟ್ಟ. ಬೋಳು ನೆತ್ತಿ ಬೆವತಿತ್ತು.

"ಬಿಟ್ಟೆ. ನಾನಿನ್ನು ದಾತುಕ್ ಅಲ್ಲ. ಪಟ್ಟ ಖಾಲಿ. ಹೊ‌ಸಬನಿಗೆ ಕಟ್ಟಬೇಕಾದ್ರೆ ಕೋಣ ಕಡೀಬೇಕು, ಊರಿಗೆ ಊರೇ ಉಣ್ಣಬೇಕು. ಗತಿ ಇದೆಯಾ ನಿಮಗೆ? ಇಲ್ಲ. ಪಟ್ಟ ಖಾಲಿ ಬಿದ್ದಿದ್ರೆ ಭೋಗ್ಯಕ್ಕೆ ಹಾಕಬಹುದು. ಬರ್ಕೊಳ್ಳಿ ಪಾಕ್ ಹರ್ಯಾದಿ. ಈ ಕಾರಣಾನ ಯಾವ ತಗಡೂ ಮುಚ್ಚಲ್ಲ, ಯಾವ ಗಂಡನೂ ಮುಚ್ಚಲ್ಲ."

ಪಾಕ್ ಹರ್ಯಾದಿಯ ಪೆನ್ನು ಮತ್ತೆ ಕಾಗದದ ಮೇಲೆ ಬಂತು. ಅಯ್ಯೋ, ಎಂಥ ಮನುಷ್ಯ! ಗದ್ದೆ ಕೊಡಲು ತನ್ನ ಪಟ್ಟವನ್ನೇ ಕಳಚಿಟ್ಟ. ಚಿಕ್ಕಮ್ಮ ಎದೆ ಹಿಡಿದುಕೊಂಡಳು. ಅಮ್ಮ ಅಣ್ಣನ ಬೋಳು ತಲೆ ನೋಡಲಾರದೆ ಮುಖ ಮುಚ್ಚಿಕೊಂಡಳು. ಪೇಟ ನನ್ನ ಕಾಲಿನಿಂದ ಒಂದು ಮೊಳ ದೂರದಲ್ಲಿ ಬಿದ್ದಿತ್ತು. ಹೆಂಗಸರು ಅದನ್ನು ಮುಟ್ಟುವಂತಿಲ್ಲ. ನಾನು ಬಗ್ಗಿ ಎತ್ತಿಕೊಂಡೆ.

"ಮುಟ್ಟಬೇಡ!" ಎಂದ ಮಾವ.

"ಕುಲದಿಂದ ಹೊರಗಿನೋಳು ನಾನು. ನನಗೆ ನಿಮ್ಮ ನೇಮ ತಾಗಲ್ಲ," ಎಂದು ಅಜ್ಜಿಯ ಕಡೆ ನಡೆದೆ.

ಅಷ್ಟರಲ್ಲಿ ಅಜ್ಜಿ ತಾನೇ ಹೊರಟಿದ್ದಳು. ಅಂಗೈ ಊರಿ, ಮಂಡಿ ಎಳೆದುಕೊಂಡು, ಚಾಪೆಯ ಮೇಲೆ ಬರುತ್ತಿದ್ದಳು. ಹಿಡಿಯಲು ಹೋದ ಅಮ್ಮನ ಕೈಯನ್ನು ತಳ್ಳಿದಳು. ನನ್ನ ಕೈಯಿಂದ ಪೇಟ ತೆಗೆದುಕೊಂಡು, ಮಗನ ಅಂಗಿಯ ಚುಂಗು ಹಿಡಿದು ಕೆಳಕ್ಕೆ ಎಳೆದಳು. ಅಷ್ಟು ದೊಡ್ಡ ಗಂಡಸು ಮಂಡಿಯೂರಿದ. ತಾಯಿ ಎಳೆದರೆ ಏನು ಮಾಡುತ್ತಾನೆ? ಅಜ್ಜಿ ಪೇಟವನ್ನು ಅವನ ತಲೆಗೆ ಇಟ್ಟು ಎರಡೂ ಕಡೆಯಿಂದ ಒತ್ತಿದಳು.

"ಇಟ್ಟೋರು ನಾವು. ತೆಗೆಯೋರೂ ನಾವು. ನೀನು ತೆಗೆಯೋ ಹಾಗಿಲ್ಲ," ಎಂದಳು. ಉಸಿರು ಸಾಲುತ್ತಿರಲಿಲ್ಲ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಪಟ್ಟ ಖಾಲಿ ಇಲ್ಲ. ಈ ಗದ್ದೆ ಇರೋವರೆಗೂ ದಾತುಕ್ ನೀನೇ. ನಿನಗೆ ಇಷ್ಟ ಇರಲಿ, ಬಿಡಲಿ."

"ಅಮ್ಮಾ, ಬಿಡು," ಎಂದ ಮಾವ, ಮೆಲ್ಲಗೆ.

"ಕೂತ್ಕೋ, ದಾತುಕ್. ಅವಳು ಒಳಗಿನೋಳು ಅಂತ ಮೊದಲು ಹೇಳು."

ಮಾವ ನನ್ನ ಕಡೆ ನೋಡಲಿಲ್ಲ. ಚಾಪೆಯನ್ನು ನೋಡುತ್ತ, "ಒಳಗಿನೋಳು," ಎಂದ.

ಪಾಕ್ ಹರ್ಯಾದಿ ಪುಸ್ತಕ ಮುಚ್ಚಿದರು. ಅವರು ಎದ್ದು, ಈ ಸಲ ಗಂಡಸರ ಕಡೆ ತಿರುಗದೆ, ಗೋಡೆಯ ಕಡೆ ತಿರುಗಿ, "ಹಾಗಾದ್ರೆ ನಾವು ಬೇರೆ ಜಾಗ ನೋಡ್ತೀವಿ, ಅಮ್ಮಂದಿರೇ," ಎಂದರು. ಚಿಕ್ಕಮ್ಮ ಊಟ ಮಾಡಿಕೊಂಡು ಹೋಗಿ ಎಂದಳು. ಅವರು ಒಲ್ಲೆ ಎಂದರು. ಅವರು ಮೆಟ್ಟಿಲಿಳಿಯುವಾಗ ಅಪ್ಪ ಮತ್ತು ಜಾಮರಿಸ್ ಎದ್ದು ದಾರಿ ಬಿಟ್ಟರು.

ಕಾರು ಬಯಲು ದಾಟಿ ಹೆದ್ದಾರಿ ಸೇರುವವರೆಗೂ ಅಜ್ಜಿ ಮಗನ ತಲೆಯ ಮೇಲಿಂದ ಕೈ ತೆಗೆಯಲಿಲ್ಲ.